ಹೈನ್ರಿಶ್ ಅಜ್ಜನ ಕಾಗೆ

ಶಕುನ, ಪಿತೃಗಳ ಆಸೆ ಇವನ್ನೆಲ್ಲ ನಾನು ನಂಬಿದವಳಲ್ಲ. ನನ್ನ ಚಿಂತೆಗಳಿಗೆ ಬದುಕಿರುವವರೇ ಸಾಕು. ಸತ್ತವರಿಗೆ ಹೆದರುವಷ್ಟು ಪುರುಸೊತ್ತು ನನಗಿಲ್ಲ. ಅದಕ್ಕಿಂತ ಹೆಚ್ಚಿನ ತಾತ್ಸಾರ ವಂಶವೃಕ್ಷದ ಹುಚ್ಚಿನ ಮೇಲೆ. ಡಿಎನ್‌ಎ ಪರೀಕ್ಷೆಗೆಂದು ನಳಿಕೆಯೊಳಗೆ ಉಗುಳಿ, ಆ ಎಂಜಲನ್ನು ಟಪಾಲಿಗೆ ಹಾಕಿ, ದುಡ್ಡು ಕೊಟ್ಟು ಮುತ್ತಜ್ಜನನ್ನು ತರಿಸಿಕೊಳ್ಳುವ ಜನರನ್ನು ಕಂಡು ಒಳಗೊಳಗೇ ನಗುತ್ತಿದ್ದೆ. ಯಾರಾದರೂ ನನ್ನ ಮುತ್ತಜ್ಜಿಯ ಹೆಸರೇನೆಂದು ಕೇಳಿದರೆ ಮಾತು ಬದಲಿಸುತ್ತಿದ್ದೆ, ಆ ಸಂಗತಿ ಬೇರೆ.

ನನ್ನ ಗಂಡನ ತಂದೆ, ಅಮೆರಿಕನ್ ಮಾವನವರಿಗೆ ಆ ಹುಚ್ಚು ಹಿಡಿದಿತ್ತು. ಅವರ ಮುತ್ತಜ್ಜ ಹೈನ್ರಿಶ್ ಜರ್ಮನಿಯಿಂದ ಹಡಗಿನಲ್ಲಿ ಬಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರೆಡ್ಡು ಮಾಡಿ ಬದುಕಿದವನು. ವಂಶದ ಚಾರ್ಟಿನಲ್ಲಿ ಅವನಿಗೊಂದು ದೊಡ್ಡ ಚೌಕ. ಪಕ್ಕದಲ್ಲಿ ಹೆಂಡತಿಯ ಚೌಕ ಖಾಲಿ. ಅವಳನ್ನು ಯಾರೂ ಹುಡುಕಿರಲಿಲ್ಲ. ಹೃದಯದ ಆಪರೇಷನ್ನಿಗೆ ಮುಂಚೆ ಒಮ್ಮೆಯಾದರೂ ಹೈನ್ರಿಶ್‌ನ ಸಮಾಧಿಯ ಮುಂದೆ ನಿಲ್ಲಬೇಕೆಂಬುದು ಮಾವನ ಆಸೆ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ಮಾವನನ್ನೂ ಧಾರವಾಡದಿಂದ ಬಂದಿದ್ದ ಅವ್ವನನ್ನೂ ಕೂರಿಸಿಕೊಂಡು, ಫ್ರೀವೇ ಉದ್ದಕ್ಕೂ ಮಾವನ ಹೃದಯವನ್ನೇ ನೆನೆದು ಬೆವರುತ್ತ, ಗುಡ್ಡದ ಮೇಲಿನ ಹಳೆಯ ಸ್ಮಶಾನಕ್ಕೆ ಹೋದೆ. ಹೈನ್ರಿಶ್‌ನನ್ನು ಯಾವ ಭಾಗದಲ್ಲಿ ಹೂಳಿದ್ದಾರೆ ಎಂಬುದಷ್ಟೇ ಅಲ್ಲಿಯವರಿಗೆ ಗೊತ್ತಿತ್ತು. ನಿಂತ ಕಲ್ಲುಗಳನ್ನೆಲ್ಲ ಓದಿದೆವು. ಹೈನ್ರಿಶ್ ಇರಲಿಲ್ಲ. ಮಾವನ ಮುಖ ಸಪ್ಪಗಾಯಿತು.

ಅವರ ಗುಳಿಗೆಗೆ ಹೊತ್ತಾಗಿತ್ತು, ಬರಿಹೊಟ್ಟೆಯಲ್ಲಿ ನುಂಗುವಂತಿಲ್ಲ. ನಾನು ಹುಲ್ಲಿನ ಮೇಲೆ ಬೆಡ್‌ಶೀಟು ಹಾಸಿದೆ.

"ಸುಡಗಾಡದಾಗ ಕೂತು ಉಣ್ಣೂದೇನ?" ಅವ್ವ ಸಿಡುಕಿದಳು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು: ಮೊದಲು ಕಾಗೆಗೆ. ಕಾಗದದ ತಟ್ಟೆಯಲ್ಲಿ ಒಂದು ಮುಷ್ಟಿ ಮೊಸರುಬುತ್ತಿ ಇಟ್ಟಳು. ಕಾಗೆ ಬಂತು, ಎದುರಿಗೆ ಕೂತಿತು, ಮುಟ್ಟಲಿಲ್ಲ.

"ಏನೋ ಆಸೆ ಉಳದದ ಅದಕ್ಕ. ಮಾತು ಕೊಡ್ರಿ ಬೀಗ್ರ, ಅಂದ್ರ ತಿಂತದ."

ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಮಾವ ಗಂಭೀರವಾಗಿ ಕಾಗೆಗೆ ಬಿಯರು ತರುವುದಾಗಿ ಮಾತು ಕೊಟ್ಟರು. ಆಮೇಲೆ ಹೊಸ ಕಲ್ಲು ನಿಲ್ಲಿಸುವುದಾಗಿ. ಕಾಗೆ ಕದಲಲಿಲ್ಲ.

"ಬಿಯರಿಗೂ ಬಗ್ಗದಿದ್ದರೆ ಇವನು ನಮ್ಮ ವಂಶದವನೇ ಅಲ್ಲ" ಎಂದರು ಮಾವ.

ಹಸಿದ ಇಬ್ಬರು ಮುದುಕರು ಒಂದು ಕಾಗೆಯ ಮರ್ಜಿ ಕಾಯುತ್ತ ಕೂತಿದ್ದಾರೆ! ನನಗೆ ರೇಗಿತು.

"ಆತಪಾ, ನಿನ್ನ ಹೆಂಡ್ತೀನ್ನೂ ಹುಡುಕ್ತೇವಿ! ಇನ್ನರ ತಿನ್ನು!" ಎಂದು ಅಣಕಿಸಿ ಕೂಗಿದೆ.

ಕಾಗೆ ತಿಂದಿತು. ಒಂದು ಅಗುಳೂ ಬಿಡಲಿಲ್ಲ.

ನಾನು ಏನೂ ಆಗದವಳಂತೆ ಮಾವನಿಗೆ ಬಡಿಸಿದೆ. ಊಟವಾಗಿ ಬೆಡ್‌ಶೀಟು ಎತ್ತಿದಾಗ, ನಾನು ಕೂತಿದ್ದ ಜಾಗದಲ್ಲಿ ಹುಲ್ಲಿನ ನಡುವೆ ಏನೋ ಬೆಳ್ಳಗೆ ಕಂಡಿತು. ಚಮಚದಿಂದ ಕೆರೆದೆ. ನೆಲಕ್ಕೆ ಸಮನಾಗಿ ಹೂತ ಕಲ್ಲು. ದೊಡ್ಡದಾಗಿ 'ಮಾರ್ಗರೇಟ', ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ, ಅವಳ ಗಂಡ ಹೈನ್ರಿಶ್. ಮಾವ ಟೋಪಿ ತೆಗೆದು ನಿಂತರು. ಕಾರಿಗೆ ಕರೆದರೂ ಬರಲಿಲ್ಲ.

ಆಪರೇಷನ್ನು ಚೆನ್ನಾಗಿಯೇ ಆಯಿತು. ನಾನು ಮಾತ್ರ ಇನ್ನೂ ಲೆಕ್ಕ ಹಾಕುತ್ತಿದ್ದೇನೆ. ನಾನು ಕೂಗಿದ ಕೂಗಿಗೆ ಕಾಗೆ ಹಾರಿ ಹೋಗಬೇಕಿತ್ತು. ಹಾಗಿರಲಿ, ಅದಕ್ಕೆ ಹಸಿವಾಗಿತ್ತು ಎನ್ನೋಣ. ಆದರೆ ನನ್ನ ಬಾಯಿಗೆ ಆ ಹೆಂಡತಿಯೇ ಯಾಕೆ ಬಂದಳು?

"ನೀ ಎಲ್ಲಿ ಅಂದಿ? ಅಕಿನ ನಿನ್ನ ಬಾಯಿಂದ ಅನ್ನಿಸಿದ್ಲು" ಎನ್ನುತ್ತಾಳೆ ಅವ್ವ, ಫೋನು ಮಾಡಿದಾಗಲೆಲ್ಲ.

ನಾನು ನಂಬುವುದಿಲ್ಲ. ಆದರೂ ಪಾರ್ಕಿನಲ್ಲಿ ಎಲ್ಲಿಯಾದರೂ ಹುಲ್ಲಿನ ಮೇಲೆ ಕೂರುವ ಮುಂಚೆ ಕಾಲಿನಿಂದ ಸ್ವಲ್ಪ ಸರಿಸಿ ನೋಡುತ್ತೇನೆ.