ಚಿರತೆ ಇಲ್ಲವೆಂದು ನವಿಲೇ ಹೇಳಬೇಕು

ನವಿಲಿನ ಕಾಲನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಗರಿಯ ಮೇಲೆ ಬಿದ್ದ ಕಣ್ಣು ಕೆಳಗಿಳಿದರೆ ತಾನೇ? ನಾನು ಮಾತ್ರ ಈಚೆಗೆ ಕಾಲನ್ನೇ ನೋಡುತ್ತೇನೆ. ನನ್ನ ಹೊಲದ ಶೇಂಗಾ ಬೀಜವನ್ನು ಕೆದರಿ ಕೆದರಿ ತಿಂದದ್ದು ಆ ಕಾಲಿನ ಬಲದಿಂದ. ಗರಿ ಬರೀ ಜಾಹೀರಾತು, ಕೆಲಸವೆಲ್ಲ ಕಾಲಿನದು.

ದೋಣಿಮಲೈಯ ಗಣಿ ಸ್ಟೋರ್ಸಿನಲ್ಲಿ ನಟ್ಟು-ಬೋಲ್ಟು ಕಾಯುತ್ತಾ ಆಯುಷ್ಯ ಕಳೆದವನು ನಾನು. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಟ್ಟು, ವಡ್ಡು ಹತ್ತಿರ ಗುಡ್ಡದ ಬುಡದಲ್ಲಿರುವ ನಮ್ಮ ಹೊಲಕ್ಕೆ ಬಂದು ಸಣ್ಣ ಮನೆ ಕಟ್ಟಿಸಿಕೊಂಡೆ. ಮೊದಲ ದಿನ ನವಿಲು ಬದುವಿನ ಮೇಲೆ ಬಂದು ನಿಂತಾಗ ನಾನೂ ನನ್ನ ಹೆಂಡತಿ ಶಾಂತಾಳೂ ಕಾಫಿ ಆರಿಹೋಗುವವರೆಗೆ ಕೈಕಟ್ಟಿ ನೋಡಿದೆವು. ಅವಳು ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದಳು. ನವಿಲೂ ತನ್ನ ಬಂಧುಬಳಗಕ್ಕೆ ಏನೋ ಕಳಿಸಿರಬೇಕು. ಬಿತ್ತನೆಯ ಹೊತ್ತಿಗೆ ಅವುಗಳ ಇಡೀ ಮನೆತನವೇ ಗುಡ್ಡದಿಂದ ಇಳಿದು ಬಂತು.

ನಾವು ಸಾಲು ಬಿತ್ತುತ್ತಾ ಮುಂದೆ ಹೋದರೆ ಅವು ಸಾಲು ಕೆದರುತ್ತಾ ಹಿಂದೆ ಬರುತ್ತಿದ್ದವು. ಓಡಿಸಿದರೆ ನಾಲ್ಕು ಹೆಜ್ಜೆ ಸರಿದು, ಮದುವೆ ಮನೆಯಲ್ಲಿ ಎಲೆಯ ಮುಂದಿಂದ ಎಬ್ಬಿಸಿದ ಬೀಗರಂತೆ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದವು. ಪಕ್ಕದ ಹೊಲದ ಪಂಪಣ್ಣನಿಗೆ ಕಲ್ಲು ಬೀಸಿ ಅಭ್ಯಾಸ. ಹಾರುವ ಗಿಳಿಯನ್ನೂ ದಿಕ್ಕು ತಪ್ಪಿಸುವವನು. ಸಹಾಯ ಕೇಳಿದರೆ ಎರಡೂ ಕೈ ಮುಗಿದುಬಿಟ್ಟ.

"ಬ್ಯಾಡ್ರಿ ಸಾರ್. ಮ್ಯಾಲ ಗುಡ್ಡದಾಗ ಕುಮಾರಸ್ವಾಮಿ ಅದಾನ. ಅವನ ಗಾಡಿಗೆ ನಾ ಕಲ್ಲು ಹೊಡಿಯಾಂಗಿಲ್ಲ."

ದೇವರ ಕಥೆ ಹಾಗಾದರೆ ಸರ್ಕಾರದ್ದು ಇನ್ನೂ ಬಿಗಿ. ರಾಷ್ಟ್ರಪಕ್ಷಿಯನ್ನು ಹಿಡಿಯುವಂತಿಲ್ಲ, ಹೊಡೆಯುವಂತಿಲ್ಲ. ಸಂಡೂರಿನ ಸೀಮೆಯಲ್ಲಿ ದೇವರೂ ಸರ್ಕಾರವೂ ಒಂದೇ ಮಾತಿಗೆ ನಿಂತದ್ದನ್ನು ನಾನು ಕಂಡದ್ದು ಇದೊಂದೇ ವಿಷಯದಲ್ಲಿ. ಬೆದರುಗೊಂಬೆಗೆ ನನ್ನ ಆಫೀಸಿನ ಅಂಗಿ ತೊಡಿಸಿ ನಿಲ್ಲಿಸಿದೆ. ಮರುದಿನವೇ ಗಂಡು ನವಿಲೊಂದು ಅದರ ಹೆಗಲ ಮೇಲೆ ಕುಳಿತು ಕೂಗುತ್ತಿತ್ತು. ಸ್ಟೋರ್ಸಿನಲ್ಲಿ ಇದ್ದಷ್ಟು ಕಾಲ ಆ ಅಂಗಿಗೆ ಯಾರೂ ಹೆದರಿರಲಿಲ್ಲ. ನವಿಲು ಯಾಕೆ ಹೆದರಬೇಕು?

ಆಗ ಬಂದವನು ನನ್ನ ಬಾಮೈದ ವೀರೇಶ. ಅವನದು ಕಂಪ್ಲಿಯಲ್ಲಿ ರೈಸ್ ಮಿಲ್ಲು. ಅಂಗಳದಲ್ಲಿ ಭತ್ತ ಹರಡಿದಾಗ ಬರುವ ಗುಬ್ಬಿ-ಪಾರಿವಾಳಗಳ ಜೊತೆ ಯುದ್ಧ ಮಾಡಿ ಮಾಡಿ ತಾನೊಬ್ಬ ಪಕ್ಷಿತಜ್ಞ ಎಂಬ ನಂಬಿಕೆ ಅವನಿಗೆ. ಮಿಲ್ಲಿನ ಹಳೆಯ ಮೈಕನ್ನು ತಂದು ನಮ್ಮ ಬೇವಿನ ಮರಕ್ಕೆ ಕಟ್ಟಿ, ಮೊಬೈಲಿನಲ್ಲಿ ಹುಡುಕಿ ಹುಲಿಯ ಗರ್ಜನೆಯೊಂದನ್ನು ಹಾಕಿದ. ನಸುಕಿಗೊಮ್ಮೆ, ಹೊತ್ತು ಮುಳುಗುವಾಗ ಒಮ್ಮೆ ಹಚ್ಚಬೇಕೆಂದು ವೈದ್ಯರಂತೆ ಹೇಳಿ ಊಟ ಮಾಡಿ ಹೋದ.

ನವಿಲುಗಳು ಮೊದಲ ಗರ್ಜನೆಗೆ ತಲೆಯೆತ್ತಿದವು. ಎರಡನೆಯದಕ್ಕೆ ತಾವೂ ದನಿಗೂಡಿಸಿದವು. ಮೂರನೆಯದರ ಹೊತ್ತಿಗೆ ಮೈಕಿನ ಕೆಳಗೇ ಮೇಯುತ್ತಿದ್ದವು. ಹೆದರಿದ್ದು ಊರು.

ನಮ್ಮ ಗುಡ್ಡಗಳಲ್ಲಿ ಹುಲಿ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಕೇಳಿದವರು ತಾವೇ ತಿದ್ದಿಕೊಂಡು ಅದನ್ನು ಚಿರತೆ ಮಾಡಿದರು. ಹಾಲು ಹಾಕಲು ಹೋಗುತ್ತಿದ್ದವನೊಬ್ಬ ಅದರ ಬಾಲ ಕಂಡ. ಇನ್ನೊಬ್ಬನಿಗೆ ಮರಿಗಳೂ ಕಂಡವು. ಪಂಪಣ್ಣ ನನ್ನನ್ನು ಕೈಹಿಡಿದು ಕರೆದೊಯ್ದು ಹೆಜ್ಜೆ ಗುರುತು ತೋರಿಸಿದ. ನಮ್ಮ ಮನೆಯ ನಾಯಿ ಅಲ್ಲೇ ನಿಂತು, ತನ್ನ ಪಾದಕ್ಕೆ ಇಷ್ಟು ಗೌರವ ಸಿಕ್ಕಿದ್ದಕ್ಕೆ ಬಾಲ ಅಲ್ಲಾಡಿಸುತ್ತಿತ್ತು.

ಇದೆಲ್ಲ ತಮಾಷೆಯಾಗಿಯೇ ಇರುತ್ತಿತ್ತು, ಕಳೆ ತೆಗೆಯುವ ದಿನ ಬರದೆ ಹೋಗಿದ್ದರೆ. ನವಿಲು ತಿಂದು ಉಳಿದ ಶೇಂಗಾ ಚಿಗುರಿ ನಿಂತಿತ್ತು, ಅದಕ್ಕಿಂತ ಎತ್ತರಕ್ಕೆ ಕಳೆ ನಿಂತಿತ್ತು. ನಮ್ಮ ಕಡೆ ಕಳೆ ತೆಗೆಯುವ ಹೆಂಗಸರ ಗುಂಪಿಗೆ ಹುಲಿಗೆಮ್ಮ ಮುಂದಾಳು. ಅವಳು ಹೂಂ ಅಂದರೆ ಕಳೆ ಕೀಳುವ ಹತ್ತಾರು ಕುರ್ಚಿಗೆಗಳು ಹೊಲಕ್ಕಿಳಿಯುತ್ತವೆ, ಉಹೂಂ ಅಂದರೆ ಒಂದೂ ಇಲ್ಲ. ಚಿರತೆ ಇರುವ ಹೊಲಕ್ಕೆ ತಾನು ಕಾಲಿಡುವುದಿಲ್ಲ ಎಂದು ಹೇಳಿಕಳಿಸಿದಳು. ಹುಲಿಗೆಮ್ಮನೇ ಚಿರತೆಗೆ ಹೆದರಿದರೆ ಲೋಕ ನಡೆಯುವುದು ಹೇಗೆ ಎಂದು ಶಾಂತಾಳ ಹತ್ತಿರ ಗೊಣಗಿದೆ. ಹೆಸರು ಇಟ್ಟವರು ಅವಳ ಅಪ್ಪ-ಅವ್ವ, ಹೆದರುವವಳು ಅವಳು ಎಂದು ಶಾಂತಾ ನನ್ನ ಬಾಯಿ ಮುಚ್ಚಿಸಿದಳು.

ಬೆಳೆ ಕೈಬಿಟ್ಟುಹೋಗುವಂತಿತ್ತು. ಮೈಕನ್ನು ಹೊತ್ತುಕೊಂಡು ಊರೊಳಗಿನ ಕಟ್ಟೆಗೆ ಹೋದೆ. ನಡೆದದ್ದೆಲ್ಲ ಹೇಳಿ, ಗರ್ಜನೆಯನ್ನೂ ಹಚ್ಚಿ ಕೇಳಿಸಿದೆ. ಜನ ಬಹಳ ಗಮನದಿಂದ, ಕಣ್ಣು ಮುಚ್ಚಿಕೊಂಡು ಕೇಳಿದರು. ಕೊನೆಗೆ ಪಂಪಣ್ಣ ಎಲ್ಲರ ಪರವಾಗಿ ಇದು ಮಷೀನಿನ ದನಿ, ತಾವು ಕೇಳಿದ್ದು ಬೇರೆ ಎಂದು ತೀರ್ಪು ಕೊಟ್ಟ. ಹುಲಿಗೆಮ್ಮ ಅದಕ್ಕೂ ಮುಂದೆ ಹೋದಳು.

"ನಿಮ್ಮ ಡಬ್ಬಿ ಕರದೈತ್ರಿ, ಅದು ಬಂದೈತಿ," ಎಂದಳು. "ದಿನಾ ಎರಡು ಹೊತ್ತು ಕರದ್ರ ಯಾರು ಬರಂಗಿಲ್ಲ?"

ಸತ್ಯ ಹೇಳಲು ಹೋದವನು ಚಿರತೆಗೆ ಆಮಂತ್ರಣ ಕೊಟ್ಟ ಅಪರಾಧಿಯಾಗಿ ಮನೆಗೆ ಬಂದೆ. ಸುಳ್ಳಿಗೆ ಒಂದು ಬಾಲ, ಎರಡು ಮರಿ, ನಾಲ್ಕು ಹೆಜ್ಜೆಯ ಸಾಕ್ಷಿ ಇರುವಾಗ ಸತ್ಯ ಬರಿಗೈಯಲ್ಲಿ ಹೋಗಿ ನಿಂತರೆ ಯಾರು ಮಣೆ ಹಾಕುತ್ತಾರೆ? ಅದರ ಹತ್ತಿರ ಇದ್ದದ್ದು ಒಂದು ಮೈಕು. ಮೈಕಿನಲ್ಲಿ ಸತ್ಯ ಬರುತ್ತದೆಂದು ನಮ್ಮ ಜನ ಯಾವ ಚುನಾವಣೆಯಲ್ಲೂ ನಂಬಿದವರಲ್ಲ.

ಊರಿನವರ ಕರೆಗೆ ಅರಣ್ಯ ಇಲಾಖೆಯ ಗಾರ್ಡ್ ಬಂದರು. ಹೊಲವೆಲ್ಲ ತಿರುಗಿ, ಹೆಜ್ಜೆ ನೋಡಿ, ನಾಯಿಯನ್ನೂ ನೋಡಿ ನಕ್ಕರು. ನನಗೆ ಜೀವ ಬಂತು. ಆದರೆ ಚಿರತೆ ಇಲ್ಲವೆಂದು ಬಾಯಿಬಿಟ್ಟು ಹೇಳಿರೆಂದರೆ ಅವರು ಒಪ್ಪಲಿಲ್ಲ. ಇದೆ ಎಂದು ಹೇಳಲು ಒಂದು ಕೂದಲು ಸಾಕಂತೆ, ಇಲ್ಲವೆಂದು ಹೇಳಲು ಇಡೀ ಗುಡ್ಡ ಜರಡಿ ಹಿಡಿಯಬೇಕಂತೆ. ಹೋಗುವಾಗ ಮಾತ್ರ ಹೆಂಗಸರಿಗೆ ಒಂದು ಉಪಾಯ ಹೇಳಿದರು.

"ಇಷ್ಟು ನವಿಲು ಅದಾವಲ್ಲ, ನಿಮಗ್ಯಾಕ ಚಿಂತಿ? ಚಿರತಿ ಸುಳಿದ್ರ ಮೊದಲ ಕೂಗೂದ ಅವು. ನವಿಲು ಆರಾಮ ಮೇಯಾಕತ್ತಾವ ಅಂದ್ರ, ಚಿರತಿ ಇಲ್ಲಂತ ತಿಳ್ಕೊಳ್ರಿ."

ಹುಲಿಗೆಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ನವಿಲು ಮೇಯುತ್ತಿದ್ದರೆ ತಾವು ಇಳಿಯುತ್ತೇವೆ, ನವಿಲಿಲ್ಲದ ಹೊಲದಲ್ಲಿ ಕುರ್ಚಿಗೆ ಹಿಡಿಯುವುದಿಲ್ಲ ಎಂದು ಅಲ್ಲೇ ಷರತ್ತು ಹಾಕಿದಳು. ನಾನು ಮೈಕನ್ನು ಕಂಪ್ಲಿಗೆ ವಾಪಸು ಕಳಿಸಿದೆ.

ದೈವ ಎಂಥದ್ದು ನೋಡಿ: ಹೆಂಗಸರು ಬದುವಿನ ಮೇಲೆ ಸಾಲಾಗಿ ಕಾದು ನಿಂತ ಆ ಬೆಳಿಗ್ಗೆ ಒಂದು ನವಿಲೂ ಬರಲಿಲ್ಲ. ಬೇಡವೆಂದಾಗ ಅಂಗಿಯ ಹೆಗಲೇರಿದವು, ಬೇಕೆಂದಾಗ ಗುಡ್ಡದಲ್ಲೇ ಕುಳಿತವು. ನಾನು ಒಳಗೆ ಹೋಗಿ ಮೊರದ ತುಂಬ ಜೋಳ ತಂದು ಸಾಲಿನುದ್ದಕ್ಕೂ ಚೆಲ್ಲಿದೆ. ಬಾಯಿಗೆ ಕೈ ಅಡ್ಡ ಹಿಡಿದು, ನವಿಲನ್ನು ಯಾವ ಸಂಬಂಧದಿಂದ ಕರೆಯಬೇಕೆಂದು ತಿಳಿಯದೆ, "ಬರ್ರಿ, ಬರ್ರಿ" ಎಂದು ಬಹುವಚನದಲ್ಲೇ ಕರೆದೆ. ಶಾಂತಾ ಬಾಗಿಲಲ್ಲಿ ನಿಂತು ನಗು ತಡೆಯಲು ಸೆರಗು ಕಚ್ಚಿಕೊಂಡಿದ್ದಳು.

ಅವು ಬಂದವು. ಹೆಂಗಸರು ಇಳಿದರು. ಮುಂದಿನ ದಿನಗಳಲ್ಲೂ ಅದೇ ಕ್ರಮ: ನಾನು ಜೋಳ ಚೆಲ್ಲುವುದು, ನವಿಲು ಜೋಳ ತಿಂದು ಬಾಯಿರುಚಿಗೆ ಒಂದಿಷ್ಟು ಶೇಂಗಾ ಚಿಗುರು ಕೀಳುವುದು, ಅದನ್ನು ನೋಡಿ ಧೈರ್ಯಗೊಂಡ ಹುಲಿಗೆಮ್ಮನ ಗುಂಪು ಹಾಡಿಕೊಂಡು ಕಳೆ ಕೀಳುವುದು. ಬೆಳೆ ಉಳಿಯಿತು. ನಮ್ಮ ಪಾಲು, ನವಿಲಿನ ಪಾಲು ಎಂದು ಎರಡಾಗಿ ಉಳಿಯಿತು, ಅಷ್ಟೇ.

ಕಳೆ ಮುಗಿಯುತ್ತಾ ಬಂದ ಒಂದು ಮಧ್ಯಾಹ್ನ ಹೆಂಗಸರು ಬೇವಿನ ನೆರಳಲ್ಲಿ ರೊಟ್ಟಿ ಗಂಟು ಬಿಚ್ಚುತ್ತಿದ್ದರು. ನಾನು ಬೋರಿನ ಶೆಡ್ಡಿನ ಹತ್ತಿರ ಪೈಪು ಸರಿಮಾಡುತ್ತಾ, ಇಲ್ಲದ ಚಿರತೆಗೆ ಇಷ್ಟು ಜನ ಕಟ್ಟುಬಿದ್ದರಲ್ಲ ಎಂದು ಒಳಗೊಳಗೇ ದೊಡ್ಡವನಾಗುತ್ತಿದ್ದೆ. ಒಮ್ಮೆಲೇ ನವಿಲುಗಳೆಲ್ಲ ಕತ್ತು ನೀಡಿ ಗುಡ್ಡದ ಕಡೆ ಮುಖ ಮಾಡಿ ಕೂಗತೊಡಗಿದವು. ಹಾಗೆ ಅವು ಕೂಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಗುಡ್ಡದಂಚಿನ ಮುಳ್ಳುಕಂಟಿಯಲ್ಲಿ ಏನೋ ಅಲುಗಿದಂತೆ ಕಂಡಿತು. ಗಾಳಿಯಿರಬಹುದು, ಯಾರದೋ ಮೇಕೆಯಿರಬಹುದು.

ಅಲ್ಲಿದ್ದವರಲ್ಲಿ ಚಿರತೆ ಇಲ್ಲವೆಂದು ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ. ಮೊದಲು ಓಡಿದವನೂ ನಾನೇ. ತಲೆ ತಿಳಿದುಕೊಂಡದ್ದನ್ನು ಕಾಲಿಗೆ ಹೇಳಿಕಳಿಸುವಷ್ಟು ಪುರುಸೊತ್ತು ಯಾರಿಗಿರುತ್ತದೆ? ಶೆಡ್ಡಿನೊಳಗೆ ನುಗ್ಗಿ ಬಾಗಿಲು ಜಡಿದು ಮೋಟಾರಿನ ಪಕ್ಕ ಉಸಿರು ಬಿಗಿಹಿಡಿದು ಕುಳಿತೆ. ಹೊರಗೆ ಬಳೆಗಳ ಸದ್ದು ಬಂದು ಬಾಗಿಲಿಗೆ ಬಡಿಯಿತು.

"ಸಾರ್, ತಗೀರಿ, ನಾವೂ ಅದೀವಿ," ಎಂದಳು ಹುಲಿಗೆಮ್ಮ. ಆಮೇಲೆ ದನಿ ತಗ್ಗಿಸಿ, "ಈಗರ ನಂಬಿದ್ರೇನ್ರಿ?" ಎಂದು ಕೇಳಿದಳು.

ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಬಿಟ್ಟುಕೊಂಡು, ಮತ್ತೆ ಚಿಲಕ ಹಾಕಿದೆ.