ಅಪ್ಪನ ಡಿಸ್ಟ್ರಿಬ್ಯೂಟರ್, ಹೆಂಡತಿಯ ಕಿವಿ

ನನ್ನ ಹೆಂಡತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಐವತ್ತು ದಾಟಿದವನು ಇದನ್ನು ಒಪ್ಪಿಕೊಳ್ಳಲು ನಾಚಿಕೆಯೇ, ಆದರೂ ಇರುವುದನ್ನು ಇರುವ ಹಾಗೆ ಹೇಳಬೇಕು. ಕಾರಣ ಅಪ್ಪನ ಹಳೆಯ ಕಾರು.

ಅಪ್ಪ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವರು. ಆ ಕಾರಿನ ಬಾನೆಟ್ಟಿನೊಳಗೆ ಕೈಯಿಡಲು ಅವರು ನನ್ನನ್ನು ಎಂದೂ ಬಿಟ್ಟವರಲ್ಲ. "ನೀನು ಹೋಗಿ ಓದ್ಕೋ ಹೋಗು" ಎನ್ನುತ್ತಿದ್ದರು. ಓದಿದೆ, ವಿಮಾ ಕಚೇರಿ ಸೇರಿದೆ, ತಲೆಯೂ ನರೆಯಿತು. ಬಾನೆಟ್ ಮಾತ್ರ ನನ್ನ ಪಾಲಿಗೆ ಮುಚ್ಚಿಯೇ ಇತ್ತು.

ಈಗ ಅಪ್ಪನ ಕಿವಿ ಮಂದ. ಜೋರಾಗಿ ಮಾತಾಡಿದರೆ ಕೇಳುತ್ತದೆ, ಇಂಜಿನ್ನಿನ ಸಣ್ಣ ಸದ್ದು ತಿಳಿಯುವುದಿಲ್ಲ. ಅವರು ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಕೂರಿಸುವುದೋ ಕಿವಿಯಿಂದಲೇ. ಇಂಜಿನ್ ಓಡುತ್ತಿರುವಾಗ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ಸದ್ದು ನಯವಾದ ಕಡೆ ಬೋಲ್ಟ್ ಬಿಗಿಯಬೇಕು. ಅದಕ್ಕೆ ಬೇರೆಯವರ ಕಿವಿ ಬೇಕಾಯಿತು. ನಾನು ಅಂಗಿಯ ತೋಳು ಮಡಚುವಷ್ಟರಲ್ಲಿ ಅವರು ಸೊಸೆಯನ್ನು ಕರೆದಾಗಿತ್ತು.

"ಕೊಂಚ ಈ ಕಡೆ ತಿರುಗ್ಸಮ್ಮಾ. ಈಗ?"

"ಇನ್ನೂ ಒದರ್ತಾ ಇದೆ ಮಾವ. ಇನ್ನೂ ಕೊಂಚ... ಹಾಂ, ಪೋದುಂ, ಪೋದುಂ!"

ಮದುವೆಗೆ ಮುಂಚೆ ಸ್ಕೂಟರಿನ ಪ್ಲಗ್ಗನ್ನೂ ಕಂಡವಳಲ್ಲ ಇವಳು. ಕ್ರೋಂಪೇಟೆಯ ಹುಡುಗಿ, ಮಾತಿನ ನಡುವೆ ತಮಿಳು, ಬ್ಯಾಂಕಿನ ಕೆಲಸ. ಅವಳು ಸಾಕು ಎಂದ ಕಡೆ ಅಪ್ಪ ಎರಡನೇ ಮಾತಿಲ್ಲದೆ ಸ್ಪ್ಯಾನರ್ ಹಾಕಿದರು. ನನಗೆ ಮೈಯೆಲ್ಲ ಉರಿಯಿತು.

ಒಂದು ಶುಕ್ರವಾರ ಇಬ್ಬರೂ ಹಳೆಯ ಹಾರ್ನ್ ಹುಡುಕಿಕೊಂಡು ಪಲ್ಲಾವರಂ ಸಂತೆಗೆ ಹೋದರು. ನನ್ನನ್ನು ಬಾಯಿಮಾತಿಗೂ ಕರೆಯಲಿಲ್ಲ. ಅವರು ಬರುವಷ್ಟರಲ್ಲಿ ನನ್ನ ಕೈಗುಣ ತೋರಿಸಿಬಿಡೋಣ ಎಂದು ಬಾನೆಟ್ ಎತ್ತಿದೆ. ಡಿಸ್ಟ್ರಿಬ್ಯೂಟರಿನ ಕ್ಯಾಪಿನಿಂದ ನಾಲ್ಕೂ ಪ್ಲಗ್ ವೈರು ಕಿತ್ತು, ಒರೆಸಿ, ಮತ್ತೆ ಹಾಕಿದೆ. ಯಾವ ಸಿಲಿಂಡರಿನ ಹಿಂದೆ ಯಾವುದಕ್ಕೆ ಕಿಡಿ ಹೋಗಬೇಕೆಂಬುದು ಚಿಕ್ಕಂದಿನಿಂದ ಬಾಯಿಪಾಠ: ಒಂದು, ಮೂರು, ನಾಲ್ಕು, ಎರಡು. ಕೈ ತಾನಾಗಿ ಪ್ರದಕ್ಷಿಣೆಯಾಗಿ ಸುತ್ತಿತು. ನಮ್ಮ ಮನೆಯಲ್ಲಿ ಆರತಿಯಿಂದ ಹಿಡಿದು ತುಳಸಿಕಟ್ಟೆಯವರೆಗೆ ಎಲ್ಲವೂ ಸುತ್ತುವುದು ಹಾಗೆಯೇ. ಈ ಕಾರಿನಲ್ಲಿ ಕ್ಯಾಪಿನೊಳಗೆ ತಿರುಗುತ್ತ ಕಿಡಿ ಮುಟ್ಟಿಸುವ ರೋಟರ್ ಅದಕ್ಕೆ ತದ್ವಿರುದ್ಧ ಸುತ್ತುತ್ತದೆ. ನೋಡುತ್ತ ನಿಂತವನಿಗೆ ಅದು ಗೊತ್ತಿರಲಿಲ್ಲ, ಮುಟ್ಟಿದವಳಿಗೆ ಗೊತ್ತಿತ್ತು.

ಸ್ಟಾರ್ಟ್ ಮಾಡಿದರೆ ಇಂಜಿನ್ ಕೆಮ್ಮಿ, ಪಟಾಕಿಯಂತೆ ಸಿಡಿದು, ನಿಂತೇಹೋಯಿತು. ಎಲ್ಲಿ ತಪ್ಪಿದೆ ಎಂದು ತಿಳಿಯುವ ಮೊದಲೇ ಗೇಟಿನ ಮುಂದೆ ಆಟೋ ಬಂದು ನಿಂತಿತು.

ಹೆಂಡತಿ ವೈರುಗಳನ್ನು ನೋಡಿದಳು, ನನ್ನ ಕಪ್ಪಾದ ಕೈಗಳನ್ನೂ ನೋಡಿದಳು. ಹಿಂದೆಯೇ ಬಂದ ಅಪ್ಪ ಕೇಳಿದರು, "ಯಾರು ಕೈ ಹಾಕಿದ್ದು?"

"ನಾನೇ ಮಾವ. ಬೆಳಗ್ಗೆ ಒರೆಸ್ಬಿಟ್ಟು, ಅವಸರದಲ್ಲಿ ತಪ್ಪಾ ಮಾಟ್ಟಿಬಿಟ್ಟೆ, ವೈರು ಅದಲುಬದಲಾಗೋಯ್ತು."

ಅಪ್ಪ ಬೈಯಲಿಲ್ಲ. ಅಕ್ಷರಾಭ್ಯಾಸ ಮಾಡಿಸುವಂತೆ ಅವಳ ತೋರುಬೆರಳು ಹಿಡಿದು ಕ್ಯಾಪಿನ ಮೇಲಿಟ್ಟರು. "ನೋಡಮ್ಮಾ, ಹಿಂಗೆ ಸುತ್ತತ್ತೆ. ಇದು ಒಂದು..."

ಅವಳು ನನ್ನನ್ನು ಉಳಿಸಿದ್ದನ್ನಾದರೂ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆ ಬೆರಳನ್ನು ಸಹಿಸಲಾಗಲಿಲ್ಲ. ನಲವತ್ತು ವರ್ಷ ನಾನು ಕಾದದ್ದು ಅದಕ್ಕೇ. ತಪ್ಪು ನನ್ನದು, ಪಾಠವೂ ನನಗೇ ಸಿಗಬೇಕಿತ್ತು.

"ಅಪ್ಪಾ, ತಪ್ಪು ಮಾಡಿದ್ದು ನಾನು" ಎಂದು ಜೋರಾಗಿಯೇ ಹೇಳಿದೆ.

"ಗೊತ್ತು ಕಣೋ" ಎಂದರು ಅಪ್ಪ, ತಲೆಯೆತ್ತದೆ. "ಅವಳು ಇಂಥ ತಪ್ಪು ಮಾಡೋಳಲ್ಲ."

ಹಾಗೆಂದು ಅವಳ ಬೆರಳನ್ನು ಮುಂದಿನ ವೈರಿನ ಮೇಲೆ ಇಟ್ಟರು.