ಶಿವಲೀಲಾಳ ತಾಟಿನಲ್ಲಿ ನಾನು ಬೆರೆಸಿದ್ದು

ಅಂದು ಮುಂಜಾನೆ ಮೊಮ್ಮಗಳಿಗೆ ನಾನೇ ನೀರು ಹಾಕುತ್ತಿದ್ದೆ. ಮೂರು ದಿನ ಜ್ವರ ಬಂದು ಆಗಷ್ಟೇ ಬಿಟ್ಟಿತ್ತು. ತಂಬಿಗೆ ಕೈಜಾರಿ, ತಣ್ಣೀರು ಬೆರೆಸದ ಬಿಸಿನೀರು ಅವಳ ಪಾದದ ಮೇಲೆ ಬಿತ್ತು. ನಾನು ಚೀರಿದೆ.

ಅವಳು ಚೀರಲಿಲ್ಲ.

ಕಾಲು ಹಿಂದಕ್ಕೂ ಎಳೆದುಕೊಳ್ಳಲಿಲ್ಲ. ಪಾದ ಕೆಂಪಗಾಗುತ್ತಿದೆ, ಅವಳು ನನ್ನನ್ನೇ ಕೇಳುತ್ತಾಳೆ: "ಅಮ್ಮಾ, ಯಾಕ ಒದರಾಕತ್ತಿ?" ನಮ್ಮ ಮಸ್ಕಿಯ ಮನೆಯಲ್ಲಿ ಹೆತ್ತವಳು ಅವ್ವ, ಅಜ್ಜಿ ಅಮ್ಮ.

ಸಂಜೆಯೊಳಗೆ ಎರಡೂ ಕಾಲು ಸ್ವಾಧೀನ ತಪ್ಪಿ ಬಿದ್ದವು. ಲಿಂಗಸುಗೂರಿನಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಎಂಆರ್‌ಐ ಮಾಡಿ ಟ್ರಾನ್ಸ್‌ವರ್ಸ್ ಮೈಲೈಟಿಸ್ ಎಂದರು. ಬೆನ್ನುಹುರಿಗೆ ಬಾವು ಬಂದಿದೆಯಂತೆ. ಸ್ಟಿರಾಯ್ಡ್ ಕೊಟ್ಟರು, ಫಿಸಿಯೋಥೆರಪಿ ಮಾಡಿಸಿದರು. ಕೈ ಉಳಿದವು. ಕಾಲು ಬರಲಿಲ್ಲ. ಶಿವಲೀಲಾಗೆ ಆಗ ಹತ್ತೊಂಬತ್ತು ವರ್ಷ.

ಮನೆಗೆ ಕರೆತಂದ ಮೇಲೆ ಗಾಳಿ ಬರಲೆಂದು ಅವಳ ಮಂಚವನ್ನು ಹಿತ್ತಲ ಬಾಗಿಲ ಬಳಿ ಹಾಕಿದೆವು. ಎದುರಿಗೇ ನಮ್ಮ ಎಮ್ಮೆ. ಅದೇ ತಿಂಗಳು ಅದರ ಕರು ಸತ್ತಿತು. ಕರು ಮುಂದಿಲ್ಲದಿದ್ದರೆ ಎಮ್ಮೆ ಹಾಲು ಇಳಿಸುವುದಿಲ್ಲ. ಅದಕ್ಕೇ ಸತ್ತ ಕರುವಿನ ತೊಗಲು ಸುಲಿಸಿ, ಹುಲ್ಲು ತುಂಬಿ ಹೊಲಿಸಿ, ಹಿಂಡುವ ಹೊತ್ತಿಗೆ ಅದರ ಮುಂದೆ ನಿಲ್ಲಿಸುತ್ತೇವೆ. ನಮ್ಮತ್ತೆ ಮಾಡಿದ್ದರು, ನಾನೂ ಮಾಡಿದೆ. ಎಮ್ಮೆ ಆ ಹುಲ್ಲಿನ ಕರುವನ್ನು ನೆಕ್ಕುತ್ತ ಹಾಲು ಕೊಡುತ್ತಿತ್ತು.

ಶಿವಲೀಲಾ ಎರಡೂ ಹೊತ್ತು ಅದನ್ನು ನೋಡಿದಳು. ಮುಖ ತಿರುಗಿಸಿ ಮಲಗೋಣವೆಂದರೆ ತಾನಾಗಿ ಹೊರಳಲೂ ಆಗುತ್ತಿರಲಿಲ್ಲ. ಹದಿನೈದು ದಿನಕ್ಕೆ ಹೇಳಿದಳು: "ಇನ್ನ ನನಗ ಹಾಲು ಬ್ಯಾಡ. ಮೊಸರು, ತುಪ್ಪ, ಯಾವುದೂ ಬ್ಯಾಡ." ಅದಕ್ಕೆ ವೀಗನ್ ಎನ್ನುತ್ತಾರಂತೆ. ಫೋನಿನಲ್ಲಿ ತೋರಿಸಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಮಾಂಸ, ಮೊಟ್ಟೆ ನಮ್ಮಲ್ಲಿ ಮೊದಲೇ ಇಲ್ಲ. ಹಾಲೂ ಬಿಟ್ಟರೆ ಮಲಗಿದ ಮೈಗೆ ಏನು ಹಾಕಬೇಕು? ರೊಟ್ಟಿಗೆ ಬೆಣ್ಣೆ ಇಲ್ಲ, ಹೋಳಿಗೆಗೆ ತುಪ್ಪ ಇಲ್ಲ, ಊಟದ ಕೊನೆಗೆ ಮಜ್ಜಿಗೆ ಇಲ್ಲ. ಗುಡಿಯಿಂದ ಪಂಚಾಮೃತ ಬಂದರೆ ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕಿಡುತ್ತಿದ್ದಳು. ಅವಳಿಗೆ ಬೇರೆ ಬೋಗುಣಿ, ಬೇರೆ ಸೌಟು. ಅವಳ ಅವ್ವ, ನನ್ನ ಸೊಸೆ ನೀಲಮ್ಮ, ಸುಮ್ಮನೆ ಮಾಡುತ್ತಿದ್ದಳು. ನಾನು ಗೊಣಗುತ್ತಲೇ ಮಾಡುತ್ತಿದ್ದೆ.

ನೋಡಲು ಬಂದವರು ನೋಡಿ ಹೋಗಬೇಕಲ್ಲ! ಸಿಂಧನೂರಿನಿಂದ ನನ್ನ ತಂಗಿ ಗೌರವ್ವ ಪೇಢೆಯ ಡಬ್ಬಿ ತಂದಿದ್ದಳು. ಹುಡುಗಿ ಒಲ್ಲೆ ಎಂದದ್ದೇ ತಡ, "ಹಾಲು ಬಿಟ್ಟು ಕುಂತ್ರ ಕಾಲು ಬರ್ತಾವೇನ್ ಬೇ?" ಎಂದುಬಿಟ್ಟಳು.

"ಹಾಲು ಕುಡಿಯೋವಾಗೇ ಹೋಗ್ಯಾವ ಬಿಡು, ಸಣ್ಣಮ್ಮ," ಎಂದಳು ಶಿವಲೀಲಾ.

ನೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಆಮೇಲೆ ಬೆಡ್‌ಸೋರ್ ಆಯಿತು, ಮಲಗಿ ಮಲಗಿ ಆಗುವ ಹುಣ್ಣು.

ಟೊಂಕದ ಕೆಳಗೆ, ಅವಳಿಗೆ ನೋವೇ ಗೊತ್ತಾಗದ ಜಾಗದಲ್ಲಿ. ಮೊದಲು ಕಂಡದ್ದು ಹಾಸಿಗೆಯ ಮೇಲಿನ ಕಲೆ. ಲಿಂಗಸುಗೂರಿನ ಡಾಕ್ಟರ್ ನೋಡಿ, "ಎರಡು ತಾಸಿಗೊಮ್ಮೆ ಹೊರಳಿಸ್ರಿ. ಪ್ರೋಟೀನ್ ಚಲೋ ಕೊಡ್ರಿ. ಇಲ್ಲಂದ್ರ ಎಲುಬಿನ ತನಕ ಹೋಗ್ತೈತಿ," ಎಂದರು. ನನ್ನ ತಲೆಯಲ್ಲಿ ಉಳಿದದ್ದು ಎಲುಬು ಒಂದೇ.

ಬರುವಾಗ ಹಾಲಿನ ಪುಡಿಯ ಪ್ಯಾಕೆಟ್ ಕೊಂಡೆ. ಯಾರಿಗೂ ಹೇಳಲಿಲ್ಲ. ದಿನಾ ಎರಡು ಚಮಚ ಅವಳ ಚಪಾತಿ ಹಿಟ್ಟಿಗೆ ಕಲಸಿದೆ. ಪ್ಯಾಕೆಟನ್ನು ಕೆಳಗಿನ ಖಾನೆಯಲ್ಲಿ, ಜೋಳದ ಡಬ್ಬಿಯ ಮಗ್ಗುಲಿಗೆ ಸೇರಿಸಿಟ್ಟೆ. ನಿಂತು ಅಡುಗೆ ಮಾಡುವ ನೀಲಮ್ಮನಿಗೆ ಅದು ಕಾಣುತ್ತಿರಲಿಲ್ಲ. ದಿನಕ್ಕೊಂದಿಷ್ಟು ಹೊತ್ತು ನಾವು ಗಾಲಿಕುರ್ಚಿಯಲ್ಲಿ ಕೂರಿಸುತ್ತಿದ್ದ ಶಿವಲೀಲಾಳ ಕಣ್ಣು ಸರಿಯಾಗಿ ಅದೇ ಎತ್ತರಕ್ಕೆ ಇರುತ್ತದೆಂಬುದು ನನಗೆ ಹೊಳೆಯಲೇ ಇಲ್ಲ.

ಒಂಬತ್ತನೆಯ ದಿನ ಪ್ಯಾಕೆಟ್ ಅವಳ ತೊಡೆಯ ಮೇಲಿತ್ತು.

"ಇದೇನು, ಅಮ್ಮಾ?"

"ನಿನ್ನ ಗಾಯದ ಸಲುವಾಗಿ ಬೇ."

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು: "ಕಾಲು ನನ್ನ ಮಾತು ಕೇಳಂಗಿಲ್ಲ. ಉಚ್ಚಿ ಪೈಪು ಅವ್ವ ಹಾಕ್ತಾಳ. ಹೊರಳಾಕ ನೀ ಬರಬೇಕು. ಬಾಯಿ ಒಂದು ನಂದಿತ್ತು. ಅದನ್ನೂ ಕಸ್ಕೊಂಡಿ."

ಅಂದಿನಿಂದ ಅವಳು ನಾನು ಮುಟ್ಟಿದ್ದನ್ನು ತಿನ್ನಲಿಲ್ಲ. ನೀಲಮ್ಮ ಅಂಗನವಾಡಿ ಕೆಲಸ ಮುಗಿಸಿ ಬರುವ ತನಕ ಬಾಳೆಹಣ್ಣು, ಚುರುಮುರಿ, ಅಷ್ಟೇ. ಗಾಯ ಇನ್ನೂ ಅಗಲವಾಯಿತು. ನಾನು ಮಾಡಿದ್ದು ತಪ್ಪೆಂದು ಗೊತ್ತಿತ್ತು, ಆದರೂ ಸಿಟ್ಟು ಮಾತ್ರ ಅವಳ ಮೇಲೆಯೇ. ಇಷ್ಟು ಹಟ ಯಾಕೆ? ಅಜ್ಜಿಯ ಕೈತುತ್ತು ಬೇಡವೆನ್ನುವಷ್ಟು?

ಮುಂದಿನ ಡ್ರೆಸ್ಸಿಂಗಿಗೆ ಹೋದಾಗ ಎಲ್ಲವನ್ನೂ ಅವಳೇ ಡಾಕ್ಟರಿಗೆ ಹೇಳಿದಳು. ಅವರು ನನ್ನ ಕಡೆ ತಿರುಗಿದರು.

"ಹಾಲು ಕೊಡ್ರಿ ಅಂತ ನಾ ಯಾವಾಗ ಅಂದೀನ್ರೀ, ಅಮ್ಮಾರ? ಪ್ರೋಟೀನ್ ಅಂದೀನಿ. ಬ್ಯಾಳಿ, ಕಡ್ಲಿ, ಶೇಂಗಾ, ಮೀಲ್ ಮೇಕರ್ ನಿಮ್ಮ ಮನ್ಯಾಗ ಇಲ್ಲೇನು?"

ರಕ್ತ ಪರೀಕ್ಷೆ ಮಾಡಿಸಿ ಬಿ12 ಗುಳಿಗೆ ಬರೆದರು. ಅದನ್ನು ಮಾತ್ರ ಒಂದು ದಿನವೂ ತಪ್ಪಿಸಬಾರದೆಂದರು.

ಶೇಂಗಾ! ಮದುವೆಯಾಗಿ ಬಂದಾಗಿನಿಂದ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟುತ್ತಲೇ ಇದ್ದೇನೆ. ಮೊದಲೇ ಬಾಯಿಬಿಟ್ಟು ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು.

ಶಿವಲೀಲಾ ಒಂದೇ ಕರಾರು ಹಾಕಿದಳು: "ಏನು ಹಾಕಿದ್ರೂ ನನ್ನ ಮುಂದ ಹಾಕು." ಸರಿ, ಒಲೆ, ಹಿಟ್ಟು ನಾದುವ ಕೊಣಮಿಗೆ, ಡಬ್ಬಿಗಳು ಎಲ್ಲವನ್ನೂ ಅವಳ ಮಂಚದ ಹತ್ತಿರಕ್ಕೆ ಒಯ್ದೆ. ಅವಳು ಮಗ್ಗುಲಾಗಿ ಮಲಗಿ ನನ್ನ ಕೈಯನ್ನೇ ನೋಡುತ್ತಿದ್ದಳು, ಪರೀಕ್ಷೆ ಕೋಣೆಯ ಮೇಷ್ಟರ ಹಾಗೆ. ನೆನೆಸಿದ ಶೇಂಗಾ ರುಬ್ಬಿ, ಹಿಂಡಿ, ಕಾಯಿಸಿ ಮೊಸರು ಮಾಡಲು ಹೊರಟೆ. ಹೆಪ್ಪಿಗೆ ಮೊಸರು ಹಾಕುವಂತಿಲ್ಲ. ಹಸಿಮೆಣಸಿನಕಾಯಿಯ ತೊಟ್ಟು ಹಾಕಿದೆ. ಮನೆಯಲ್ಲಿ ಹೆಪ್ಪು ತೀರಿದಾಗ ನಮ್ಮತ್ತೆ ಹಾಗೇ ಮಾಡುತ್ತಿದ್ದರು. ಎರಡು ಸಲ ನೀರಾಯಿತು. ಒಂದು ಸಲ ನಾತ ಹೊಡೆಯಿತು. ನಾಲ್ಕನೆಯ ಸಲ ಗಟ್ಟಿಯಾಯಿತು.

"ಹೆಂಗೈತಿ?"

"ಗ್ವಾಡಿ ಸುಣ್ಣ ತಿಂದಂಗೈತಿ," ಎಂದಳು. ಬಟ್ಟಲು ಮಾತ್ರ ಖಾಲಿ ಮಾಡಿದಳು.

ಗಾಯ ತುಂಬಲು ಮೂರು ತಿಂಗಳು ಬೇಕಾಯಿತು. ಕೊನೆಯ ಡ್ರೆಸ್ಸಿಂಗ್ ಬಿಚ್ಚಿ ನರ್ಸ್, "ಹೊಸ ಚರ್ಮ ಬಂದೈತ್ರೀ," ಎಂದಾಗ ನಾನು ಅಲ್ಲೇ ಅವಳ ಗಲ್ಲ ಸವರಿ ನೆಟಿಗೆ ಮುರಿದೆ. ನಗುತ್ತಿದ್ದೆ, ಅಳುತ್ತಿದ್ದೆ, ಹೊರಗೆ ಕುಳಿತ ಗುರುತಿಲ್ಲದವರಿಗೆಲ್ಲ ಹೇಳಿಕೊಂಡು ಬಂದೆ. ಅಂಗೈ ಅಗಲದ ಚರ್ಮ ಅಷ್ಟೊಂದು ಖುಷಿ ಕೊಡುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾಲು ಬಂದಿಲ್ಲ. ಗಾಯ ಮತ್ತೆ ಆಗಬಹುದೆಂದೂ ಹೇಳಿದ್ದಾರೆ. ಗಂಟೆ ನೋಡಿ ಹೊರಳಿಸುವುದು ನಿಂತಿಲ್ಲ.

ಆದರೆ ಗಾಯ ತುಂಬಿದ ಮೇಲೂ ತಾಟು ಮುಂದಿಟ್ಟಾಗಲೆಲ್ಲ ಕೇಳುತ್ತಿದ್ದಳು, "ಏನೇನ್ ಹಾಕೀದಿ?" ಪ್ರತಿ ಸಲ ಚುಚ್ಚಿದಂತಾಗುತ್ತಿತ್ತು. ಪ್ರತಿ ಸಲ ಹೇಳುತ್ತಿದ್ದೆ.

ಮೊನ್ನೆ ಅಡುಗೆಮನೆಯಲ್ಲೇ ಪುಂಡಿಪಲ್ಯ ಮಾಡಿ ರೊಟ್ಟಿಯೊಂದಿಗೆ ಒಯ್ದುಕೊಟ್ಟೆ. ಅವಳು ಏನೂ ಕೇಳಲಿಲ್ಲ. ಮುರಿದು ಬಾಯಿಗಿಟ್ಟುಕೊಂಡಳು. ಆದರೂ ಎದುರಿಗೆ ಕೂತು ನಾನೇ ಒಪ್ಪಿಸಿದೆ: ಪುಂಡಿಸೊಪ್ಪು, ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಶೇಂಗಾ ಎಣ್ಣೆ.

"ಮತ್ತ ಉಪ್ಪು?" ಎಂದಳು, ಎರಡನೇ ತುತ್ತು ಮುರಿಯುತ್ತ.

ಹಾಕುವುದನ್ನೇ ಮರೆತಿದ್ದೆ.